ದಂತವೈದ್ಯವು ಎರಡನೆಯ ಆಯ್ಕೆಯೇ?

ಶಾಲೆಯನ್ನು ಬಿಟ್ಟು ಹೋದ ನಮ್ಮ ಹುಡುಗಿಯರು ಕೆಲವು ವರ್ಷಗಳಾದ ಮೇಲೆ ನಮ್ಮನ್ನು ಕಾಣಲು ಬರುವುದುಂಟು. ಏನು ಓದುತ್ತಿರುವೆಯೆಂದು ಕೇಳಿದರೆ ಎಂ.ಬಿ.ಬಿ.ಎಸ್. ಓದುವವಳು ತಲೆಯೆತ್ತಿ ಉತ್ತರ ಕೊಡುತ್ತಾಳೆ. ದಂತವೈದ್ಯವನ್ನು ಓದುವವಳಾದರೋ, "ಬಿ.ಡಿ.ಎಸ್., ಮಿಸ್, ಅದು ಸಿಕ್ಕಲಿಲ್ಲ, ಇದಕ್ಕೆ ಸೇರಿದೆ" ಎಂದು ತಗ್ಗಿದ ದನಿಯಲ್ಲಿ ನುಡಿಯುತ್ತಾಳೆ. ಜೊತೆಗೆ ಬಂದ ತಾಯಿಯ ಮುಖದಲ್ಲಿಯೂ ಅದೇ ಸಂಕೋಚವು ತೋರುತ್ತದೆ. ಎರಡು ವಿದ್ಯೆಗಳಿಗೂ ನೀಟ್ ಎಂಬ ಒಂದೇ ಪ್ರವೇಶ ಪರೀಕ್ಷೆಯಿರುವುದರಿಂದ, ಒಂದು ಗೆದ್ದವರಿಗೆ, ಇನ್ನೊಂದು ಸೋತವರಿಗೆ ಎಂಬ ಭಾವನೆಯು ಜನರಲ್ಲಿ ಬೇರೂರಿದೆ. ಇದು ಸರಿಯೇ ಎಂಬುದನ್ನು ನಮ್ಮ ಹಳೆಯ ವಿದ್ಯಾರ್ಥಿನಿಯರೊಡನೆಯೂ ಪೋಷಕರೊಡನೆಯೂ ಕೊಂಚ ವಿಚಾರಮಾಡಬೇಕೆಂಬುದು ನಮ್ಮ ಆಶಯವು.

ಮೊದಲು ಒಬ್ಬ ಉಪಾಧ್ಯಾಯಿನಿಯ ವೃತ್ತಾಂತವನ್ನು ಹೇಳುವೆವು. ಅಮೆರಿಕಾ ದೇಶದಲ್ಲಿ 1833ರಲ್ಲಿ ಹುಟ್ಟಿದ ಲೂಸಿ ಹಾಬ್ಸ್ ಎಂಬಾಕೆಯು ಸುಮಾರು ಹತ್ತು ವರ್ಷ ಶಾಲೆಯಲ್ಲಿ ಪಾಠ ಹೇಳಿದವಳು. ವೈದ್ಯಳಾಗಬೇಕೆಂಬುದು ಆಕೆಯ ಬಯಕೆ. ಅದಕ್ಕಾಗಿ ಸಿನ್ಸಿನಾಟಿ ನಗರಕ್ಕೆ ಹೋದಾಗ, ಹೆಂಗಸೆಂಬ ಕಾರಣದಿಂದ ಅಲ್ಲಿಯ ವೈದ್ಯಕೀಯ ಕಾಲೇಜಿನವರು ಸೇರಿಸಿಕೊಳ್ಳಲಿಲ್ಲ. ದಂತವೈದ್ಯವನ್ನು ಕಲಿಯಬಹುದಲ್ಲಾ ಎಂಬ ಸಲಹೆ ಮಾತ್ರ ದೊರೆಯಿತು. ಒಪ್ಪಿ ಹೋದರೆ, 1861ರಲ್ಲಿ ದಂತವೈದ್ಯ ಕಾಲೇಜಿನವರೂ ಬೇಡವೆಂದರು. ಆಕೆಯು ಎದೆಗುಂದದೆ, ವೃತ್ತಿಯಲ್ಲಿದ್ದ ದಂತವೈದ್ಯರ ಕೈಕೆಳಗೆ ಕಲಿತು, ಸ್ವಂತವಾಗಿ ಚಿಕಿತ್ಸೆಯನ್ನು ಆರಂಭಿಸಿದಳು. ಆಕೆಯ ಕೈಗುಣವನ್ನು ಕಂಡ ಅಯೋವಾ ಸಂಸ್ಥಾನದ ದಂತವೈದ್ಯರ ಸಂಘವು 1865ರಲ್ಲಿ ಆಕೆಯನ್ನು ಸದಸ್ಯಳನ್ನಾಗಿ ಮಾಡಿಕೊಂಡಿತು. ಮೊದಲು ಬೇಡವೆಂದಿದ್ದ ಕಾಲೇಜೇ ಆಗ ಬಾಗಿಲು ತೆರೆಯಿತು. 1866ರ ಫೆಬ್ರವರಿಯಲ್ಲಿ ಆಕೆಯು ಪದವಿಯನ್ನು ಪಡೆದು, ದಂತವೈದ್ಯ ಕಾಲೇಜಿನಿಂದ ಉತ್ತೀರ್ಣಳಾದ ಪ್ರಪಂಚದ ಮೊದಲ ಸ್ತ್ರೀ ಎನಿಸಿದಳು. ಮದುವೆಯಾದ ಮೇಲೆ ತನ್ನ ಗಂಡನಿಗೂ ಆ ವಿದ್ಯೆಯನ್ನು ಕಲಿಸಿದಳು.

ಇಂಥವಳಿಗೂ ದಂತವೈದ್ಯವು ಎರಡನೆಯ ಆಯ್ಕೆಯೇ ಆಗಿದ್ದಿತೆಂಬುದನ್ನು ಗಮನಿಸಬೇಕು. ವಿದ್ಯೆಗೆ ನಾವು ಯಾವ ಬಾಗಿಲಿನಿಂದ ಬಂದೆವೆಂಬುದಕ್ಕಿಂತ, ಒಳಗೆ ಬಂದ ಮೇಲೆ ಅದನ್ನು ನಮ್ಮದಾಗಿ ಮಾಡಿಕೊಂಡೆವೇ ಎಂಬುದೇ ಮುಖ್ಯವು.

ನಮ್ಮ ದೇಶದಲ್ಲಿ ಈ ವಿದ್ಯೆಯ ಚರಿತ್ರೆಯು ಬಹಳ ಹಳೆಯದಲ್ಲ. ಡಾಕ್ಟರ್ ರಫಿಯುದ್ದೀನ್ ಅಹಮದ್ ಅವರು ಮೊದಲನೆಯ ದಂತವೈದ್ಯ ಕಾಲೇಜನ್ನು ಕಲ್ಕತ್ತೆಯಲ್ಲಿ ಸ್ಥಾಪಿಸಿದ್ದು 1920ರಲ್ಲಿ; ದಂತವೈದ್ಯರ ಕಾಯಿದೆಯಾದುದು 1948ರಲ್ಲಿ; ಬೆಂಗಳೂರಿನ ಸರಕಾರಿ ದಂತವೈದ್ಯ ಕಾಲೇಜು ಹುಟ್ಟಿದ್ದು 1958ರಲ್ಲಿ. ಹಲ್ಲು ಕೀಳುವವನನ್ನು ಸಂತೆಯಲ್ಲಿ ಕಂಡ ನೆನಪು ಹಿರಿಯರಲ್ಲಿ ಉಳಿದಿದ್ದರೆ ಆಶ್ಚರ್ಯವಿಲ್ಲ. ಆದರೆ ಈಗಿನ ವಿದ್ಯಾರ್ಥಿನಿಯು ನಾಲ್ಕು ವರ್ಷ ಪಾಠವನ್ನೂ ಒಂದು ವರ್ಷ ಆಸ್ಪತ್ರೆಯ ಕೆಲಸವನ್ನೂ ಮುಗಿಸಬೇಕು. ಹಲ್ಲಿಗೆ ಮುಂಚೆ ಇಡೀ ಶರೀರದ ರಚನೆಯನ್ನೂ ವ್ಯಾಪಾರವನ್ನೂ ಓದಬೇಕು. ಮೇಣದ ತುಂಡಿನಲ್ಲಿ ಒಂದೊಂದು ಹಲ್ಲಿನ ಆಕಾರವನ್ನು ಕೆತ್ತಿ ಕೈಯನ್ನು ಪಳಗಿಸಬೇಕು. ಹಲ್ಲಿನ ಹೊರಗವಚವು ನಮ್ಮ ದೇಹದಲ್ಲೆಲ್ಲಾ ಅತಿ ಗಟ್ಟಿಯಾದ ವಸ್ತು. ಆದರೂ ಒಮ್ಮೆ ಕರಗಿ ಹಳ್ಳಬಿದ್ದರೆ ತಾನಾಗಿ ಮತ್ತೆ ಬೆಳೆಯಲಾರದು. ಆದುದರಿಂದ ಕೂದಲೆಳೆಯಷ್ಟು ತಪ್ಪಿದರೂ ನಷ್ಟವು ರೋಗಿಗೇ.

ಕಳೆದ ವರ್ಷ ನಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬಳು ತನ್ನ ತರಬೇತಿಯ ಒಂದು ಸಂಗತಿಯನ್ನು ತಿಳಿಸಿದಳು. ಎಲೆಯಡಿಕೆಯೊಡನೆ ಹೊಗೆಸೊಪ್ಪನ್ನು ಹಾಕುವ ಅಜ್ಜಿಯೊಬ್ಬಳು ಅಲುಗುವ ಹಲ್ಲನ್ನು ಕೀಳಿಸಲು ಬಂದಿದ್ದಳಂತೆ. ಹಲ್ಲನ್ನು ನೋಡುತ್ತಿರುವಾಗ ಕೆನ್ನೆಯ ಒಳಬದಿಯಲ್ಲಿ ಬೆಳ್ಳನೆಯ ಕಲೆಯೊಂದು ಇವಳ ಕಣ್ಣಿಗೆ ಬಿತ್ತು. ಅಡಿಕೆಯೂ ಹೊಗೆಸೊಪ್ಪೂ ಬಾಯಿಯ ಅರ್ಬುದರೋಗಕ್ಕೆ ಕಾರಣವಾಗುವುವೆಂದು ಓದಿದ್ದವಳಾದುದರಿಂದ, ಕೂಡಲೇ ತನ್ನ ಗುರುಗಳಿಗೆ ತೋರಿಸಿದಳು. ಪರೀಕ್ಷೆಯಿಂದ ಅದು ಆರಂಭದ ರೋಗವೆಂದು ತಿಳಿದು, ಅಜ್ಜಿಗೆ ಸಕಾಲದಲ್ಲಿ ಚಿಕಿತ್ಸೆಯಾಯಿತು. "ಆ ಅಜ್ಜಿಗೆ ನೋವೇ ಇರಲಿಲ್ಲ, ಮಿಸ್. ನಾನು ಹಲ್ಲನ್ನಷ್ಟೇ ನೋಡಿ ಕಳುಹಿಸಿದ್ದರೆ?" ಎಂದವಳು ಸುಮ್ಮನಾದಳು. "ಸಿಕ್ಕಲಿಲ್ಲ" ಎಂಬ ಮಾತು ಆ ದಿನ ಅವಳ ಬಾಯಿಂದ ಬರಲಿಲ್ಲ.

ತಾಯಿತಂದೆಗಳಲ್ಲಿ ನಮ್ಮ ವಿಜ್ಞಾಪನೆಯಿಷ್ಟೆ. ಮಗಳ ಹೆಸರಿನ ಮುಂದೆ ಡಾಕ್ಟರ್ ಎಂಬ ಶಬ್ದವು ಬರಲೆಂಬ ಒಂದೇ ಆಸೆಯಿಂದ ಅವಳನ್ನು ಈ ವಿದ್ಯೆಗೆ ನೂಕಬೇಡಿರಿ. ಖಾಸಗಿ ಕಾಲೇಜುಗಳ ವೆಚ್ಚವೂ ಹಗುರವಾದುದಲ್ಲ. ಸಣ್ಣ ಕೆಲಸವನ್ನು ಅಚ್ಚುಕಟ್ಟಾಗಿ ಮಾಡುವ ಕೈ ಅವಳಿಗುಂಟೇ? ಹೆದರಿದವರನ್ನು ಸಮಾಧಾನಪಡಿಸುವ ತಾಳ್ಮೆಯುಂಟೇ? ಒಂದೇ ಮಾತನ್ನು ಹತ್ತು ಮಂದಿಗೆ ಬೇಸರಿಸದೆ ತಿಳಿಯಹೇಳಬಲ್ಲಳೇ? ಎಂದು ಮೊದಲು ವಿಚಾರಿಸಿರಿ. ಇಲ್ಲವೆಂದು ತೋರಿದರೆ ಬೇರೆ ದಾರಿಗಳು ಬೇಕಾದಷ್ಟಿವೆ. ಹೌದೆಂದು ತೋರಿದರೆ, ದೊರೆತ ಅಂಕಗಳ ಮಾತನ್ನು ಅಲ್ಲಿಗೆ ಬಿಟ್ಟು, ಅವಳನ್ನು ಸಂತೋಷದಿಂದ ಕಳುಹಿಸಿರಿ.

ಇನ್ನು ಈಗಾಗಲೇ ಓದುತ್ತಿರುವ ನಮ್ಮ ಹುಡುಗಿಯರಿಗೆ ಒಂದು ಮಾತು. ಮುಂದಿನ ಸಲ ನಮ್ಮನ್ನು ಕಾಣಲು ಬಂದಾಗ, ಏನು ಓದುತ್ತಿರುವೆಯೆಂದು ನಾವು ಕೇಳಿಯೇ ಕೇಳುವೆವು. ತಲೆಯೆತ್ತಿ ಉತ್ತರ ಕೊಡಿರಿ.