ಸರಕು ವಾಹನದ ಗೇರ್‌ಬಾಕ್ಸ್: ಲೆಕ್ಕಕ್ಕೆ ಬಾರದ ಸವೆತ

ಕಾರ್ಖಾನೆಯ ಲೇತ್ ಯಂತ್ರಕ್ಕೆ ಎಂದು ಎಣ್ಣೆ ಹಾಕಲಾಯಿತು, ಯಾವ ಬೇರಿಂಗನ್ನು ಬದಲಾಯಿಸಲಾಯಿತು ಎಂಬುದನ್ನು ತಪ್ಪದೆ ಬರೆದಿಡುವ ಉದ್ಯಮಿಗಳು ನಮ್ಮಲ್ಲಿ ಅನೇಕರಿದ್ದಾರೆ. ಅದೇ ಕಾರ್ಖಾನೆಯ ಬಾಗಿಲಲ್ಲಿ ನಿಂತಿರುವ ಸರಕು ವಾಹನದ ಗೇರ್‌ಬಾಕ್ಸಿನ ಎಣ್ಣೆಯನ್ನು ಕೊನೆಯ ಬಾರಿ ಬದಲಾಯಿಸಿದ್ದು ಯಾವಾಗ ಎಂದು ಕೇಳಿದರೆ ಉತ್ತರ ದೊರೆಯುವುದು ವಿರಳ. ಎಂಜಿನ್ ಎಣ್ಣೆಯನ್ನು ಎಲ್ಲರೂ ಬದಲಾಯಿಸುತ್ತಾರೆ. ಅದು ಕಪ್ಪಾಗುತ್ತದೆ, ಕಡಿಮೆಯಾಗುತ್ತದೆ, ಅದರ ಒತ್ತಡ ಕುಸಿದರೆ ಚಾಲಕನ ಮುಂದೆ ದೀಪ ಹೊತ್ತಿಕೊಳ್ಳುತ್ತದೆ. ಕೈಯಿಂದ ಗೇರು ಬದಲಾಯಿಸುವ ಸಾಮಾನ್ಯ ಗೇರ್‌ಬಾಕ್ಸಿಗೆ ಇಂತಹ ದೀಪವಿಲ್ಲ. ಅಳೆದು ನೋಡುವ ಕಡ್ಡಿಯೂ ಬಹುತೇಕ ವಾಹನಗಳಲ್ಲಿಲ್ಲ. ಹೀಗಾಗಿ ಅದು ಸದ್ದು ಮಾಡುವವರೆಗೆ ಯಾರ ಗಮನಕ್ಕೂ ಬರುವುದಿಲ್ಲ. ಸದ್ದು ಮಾಡುವ ಹೊತ್ತಿಗೆ ಒಳಗಿನ ಹಾನಿ ಬಹಳಮಟ್ಟಿಗೆ ಆಗಿಹೋಗಿರುತ್ತದೆ.

ಒಂದೇ ವಾಹನವನ್ನು ನಂಬಿ ಮಾಲು ತಲುಪಿಸುವ ಸಣ್ಣ ತಯಾರಕನಿಗೆ ಇದರಿಂದಾಗುವ ನಷ್ಟ ದುರಸ್ತಿಯ ಬಿಲ್ಲಿಗೆ ಸೀಮಿತವಾಗುವುದಿಲ್ಲ. ಗೇರ್‌ಬಾಕ್ಸನ್ನು ಇಳಿಸಿ, ಬಿಚ್ಚಿ, ಬಿಡಿಭಾಗ ತರಿಸಿ, ಮತ್ತೆ ಜೋಡಿಸುವ ದಿನಗಳಲ್ಲಿ ಬಾಡಿಗೆ ವಾಹನ ಹಿಡಿಯಬೇಕು, ಚಾಲಕನಿಗೆ ಕೆಲಸವಿಲ್ಲದೆಯೂ ಸಂಬಳ ಕೊಡಬೇಕು, ಸಾಲದ ಕಂತನ್ನು ಕಟ್ಟಬೇಕು, ಗಿರಾಕಿಗೆ ಕಾರಣ ಹೇಳಬೇಕು. ಇವೆಲ್ಲವೂ ಬೇರೆ ಬೇರೆ ಖಾತೆಗಳಲ್ಲಿ ಹಂಚಿಹೋಗುವುದರಿಂದ ಒಟ್ಟು ಮೊತ್ತ ಎಷ್ಟೆಂಬುದು ಮಾಲೀಕನಿಗೆ ತಿಳಿಯದೇ ಉಳಿಯುತ್ತದೆ.

ಶಕ್ತಿ ಸಾಗುವ ದಾರಿ

ಎಂಜಿನ್ನಿನಲ್ಲಿ ಹುಟ್ಟಿದ ಶಕ್ತಿಯು ಕ್ಲಚ್ಚಿನ ಮೂಲಕ ಗೇರ್‌ಬಾಕ್ಸಿಗೂ, ಅಲ್ಲಿಂದ ಚಕ್ರಗಳಿಗೂ ಸಾಗುತ್ತದೆ. ಮುಂದಿನ ಚಕ್ರಗಳೇ ಎಳೆಯುವ ಇಂದಿನ ಬಹುತೇಕ ಸಣ್ಣ ಕಾರುಗಳಲ್ಲಿ ಗೇರ್‌ಬಾಕ್ಸ್ ಮತ್ತು ಡಿಫರೆನ್ಷಿಯಲ್ ಎರಡೂ ಒಂದೇ ಕವಚದೊಳಗಿದ್ದು, ಎರಡಕ್ಕೂ ಒಂದೇ ಎಣ್ಣೆ. 2005ರಲ್ಲಿ ಮಾರುಕಟ್ಟೆಗೆ ಬಂದ ಟಾಟಾ ಏಸ್‌ನಂತಹ ಸಣ್ಣ ಸರಕು ವಾಹನಗಳಲ್ಲಿ, ಪಿಕಪ್‌ಗಳಲ್ಲಿ ವ್ಯವಸ್ಥೆ ಬೇರೆ. ಅಲ್ಲಿ ಗೇರ್‌ಬಾಕ್ಸಿನಿಂದ ಪ್ರೊಪೆಲ್ಲರ್ ಶಾಫ್ಟ್ ಹೊರಟು ಹಿಂದಿನ ಆಕ್ಸಲ್‌ನಲ್ಲಿರುವ ಡಿಫರೆನ್ಷಿಯಲ್ಲನ್ನು ತಿರುಗಿಸುತ್ತದೆ. ಅಂದರೆ ಎಣ್ಣೆ ತುಂಬುವ ಸ್ಥಳಗಳು ಎರಡು. ಗ್ಯಾರೇಜುಗಳಲ್ಲಿ ಆಗುವ ಅತಿ ಸಾಮಾನ್ಯ ಪ್ರಮಾದ ಹುಟ್ಟುವುದು ಇಲ್ಲಿಯೇ.

ಒಂದೇ ಡಬ್ಬಿ, ಎರಡು ರಂಧ್ರ

ಗೇರ್ ಎಣ್ಣೆಯ ಡಬ್ಬಿಯ ಮೇಲೆ ಎರಡು ಬಗೆಯ ಗುರುತುಗಳಿರುತ್ತವೆ. ಎಸ್‌ಎಇ 80ಡಬ್ಲ್ಯು-90 ಅಥವಾ 75ಡಬ್ಲ್ಯು-90 ಎಂಬುದು ಎಣ್ಣೆಯ ಸ್ನಿಗ್ಧತೆ, ಅಂದರೆ ಮಂದತನವನ್ನು ಸೂಚಿಸುತ್ತದೆ. ಎಪಿಐ ಜಿಎಲ್-4 ಅಥವಾ ಜಿಎಲ್-5 ಎಂಬುದು ಎಂತಹ ಕೆಲಸಕ್ಕೆ ಆ ಎಣ್ಣೆ ತಕ್ಕುದೆಂಬುದನ್ನು ಹೇಳುತ್ತದೆ. ಕೊಳ್ಳುವವರು ಮೊದಲನೆಯದನ್ನು ನೋಡಿ ಎರಡನೆಯದನ್ನು ಬಿಟ್ಟುಬಿಡುವುದೇ ಹೆಚ್ಚು.

ಹಿಂದಿನ ಆಕ್ಸಲ್ಲಿನ ಕ್ರೌನ್ ಮತ್ತು ಪಿನಿಯನ್ ಸಾಮಾನ್ಯವಾಗಿ ಹೈಪಾಯ್ಡ್ ಮಾದರಿಯವು. ಪಿನಿಯನ್ನಿನ ಅಕ್ಷವು ಕ್ರೌನಿನ ಮಧ್ಯರೇಖೆಗಿಂತ ತುಸು ಸರಿದಿರುವುದರಿಂದ ಹಲ್ಲುಗಳು ಒಂದರ ಮೇಲೊಂದು ಉರುಳುವುದರ ಜೊತೆಗೆ ಭಾರೀ ಒತ್ತಡದಲ್ಲಿ ಜಾರುತ್ತವೆ ಕೂಡ. ಈ ಜಾರುವಿಕೆಯಲ್ಲಿ ಎಣ್ಣೆಯ ಪದರ ಹರಿದುಹೋಗುತ್ತದೆ. ಆದುದರಿಂದ ಗಂಧಕ ಮತ್ತು ರಂಜಕದ ಸಂಯುಕ್ತಗಳನ್ನು ಹೆಚ್ಚಿನ ಪ್ರಮಾಣದಲ್ಲಿ ಬೆರೆಸಿದ ಜಿಎಲ್-5 ಎಣ್ಣೆ ಅಲ್ಲಿ ಅವಶ್ಯಕ. ಆ ಸಂಯುಕ್ತಗಳು ಉಕ್ಕಿನ ಮೇಲೆ ರಾಸಾಯನಿಕ ಪದರವೊಂದನ್ನು ನಿರ್ಮಿಸಿ ಲೋಹಕ್ಕೆ ಲೋಹ ತಾಗದಂತೆ ಕಾಯುತ್ತವೆ.

ಗೇರ್‌ಬಾಕ್ಸಿನೊಳಗಿನ ಅವಶ್ಯಕತೆ ಬೇರೆ. ಗೇರು ಬದಲಾಯಿಸುವಾಗ ಎರಡು ಭಾಗಗಳ ವೇಗವನ್ನು ಸಮಗೊಳಿಸಲು ಅಲ್ಲಿ ಸಿಂಕ್ರೊನೈಜರ್ ಉಂಗುರಗಳಿದ್ದು, ಅನೇಕ ವಾಹನಗಳಲ್ಲಿ ಅವು ಹಿತ್ತಾಳೆಯವು. ತಾಮ್ರ ಸೇರಿದ ಲೋಹಗಳನ್ನು ಗಂಧಕ ತಿನ್ನುತ್ತದೆಂಬುದು ಪಾತ್ರೆ ವ್ಯಾಪಾರಿಗಳಿಗೆ ಹೇಳಿಕೊಡಬೇಕಾದ ವಿಷಯವಲ್ಲ. ಜೊತೆಗೆ ಈ ಉಂಗುರಗಳು ಕೆಲಸ ಮಾಡುವುದೇ ಘರ್ಷಣೆಯಿಂದ. ಎಣ್ಣೆ ಅತಿಯಾಗಿ ಜಾರಿದರೆ ಹಿಡಿತ ಸಿಗದು, ಗೇರು ಕರಕರನೆ ಬೀಳುತ್ತದೆ. ಆದ್ದರಿಂದಲೇ ಅನೇಕ ತಯಾರಕರು ಗೇರ್‌ಬಾಕ್ಸಿಗೆ ಜಿಎಲ್-4 ಎಂದೂ, ಅದೇ ವಾಹನದ ಡಿಫರೆನ್ಷಿಯಲ್ಲಿಗೆ ಜಿಎಲ್-5 ಎಂದೂ ನಮೂದಿಸುತ್ತಾರೆ. ಮೆಕ್ಯಾನಿಕ್ ಒಂದೇ ಪೀಪಾಯಿಯಿಂದ ಎರಡಕ್ಕೂ ಸುರಿದರೆ ಎರಡರಲ್ಲೊಂದಕ್ಕೆ ಕೇಡು ತಪ್ಪಿದ್ದಲ್ಲ. ಎರಡಕ್ಕೂ ಒಪ್ಪುವಂತೆ ತಯಾರಿಸಿದ ಎಣ್ಣೆಗಳೂ ಇವೆ, ಜಿಎಲ್-5ನ್ನೇ ಬೇಡುವ ಗೇರ್‌ಬಾಕ್ಸುಗಳೂ ಇವೆ. ಅಂಗಡಿಯವರ ಮಾತಿಗಿಂತ ವಾಹನದೊಡನೆ ಬಂದ ಕೈಪಿಡಿಯೇ ಇಲ್ಲಿ ಪ್ರಮಾಣ. ಕೈಪಿಡಿಯಲ್ಲಿ ಸಾಮಾನ್ಯ ಬಳಕೆಗೆ ಒಂದು ಅವಧಿ, ಕಠಿಣ ಬಳಕೆಗೆ ಬೇರೊಂದು ಅವಧಿ ಇರುತ್ತದೆ. ದಿನವಿಡೀ ಪೇಟೆಯ ದಟ್ಟಣೆಯಲ್ಲಿ ಹತ್ತಾರು ಕಡೆ ನಿಂತು ಮಾಲು ಇಳಿಸುವ, ಧೂಳಿನ ಇಲ್ಲವೆ ಘಟ್ಟದ ರಸ್ತೆಯಲ್ಲಿ ಓಡುವ ವಾಹನವು ಕಠಿಣ ಬಳಕೆಯದೇ ಹೊರತು ಸಾಮಾನ್ಯದ್ದಲ್ಲ.

ಎಣ್ಣೆ ಬದಲಾಯಿಸುವಾಗ ಮಾಲೀಕರು ಒಮ್ಮೆ ಹತ್ತಿರ ನಿಂತು ನೋಡುವುದು ಲಾಭಕರ. ವಾಹನ ಸಮತಟ್ಟಾದ ನೆಲದ ಮೇಲಿರಬೇಕು; ಸ್ವಲ್ಪ ಓಡಿಸಿ ಎಣ್ಣೆ ಬೆಚ್ಚಗಾದ ಮೇಲೆ ಇಳಿಸಬೇಕು. ಕೆಳಗಿನ ಬಿರಡೆಯನ್ನು ಬಿಚ್ಚುವ ಮುನ್ನ ತುಂಬುವ ಬಿರಡೆಯನ್ನೇ ಮೊದಲು ಬಿಚ್ಚಿಸಿರಿ. ತುಂಬುವ ಬಿರಡೆ ತುಕ್ಕು ಹಿಡಿದು ಕೂತಿದ್ದರೆ, ಎಣ್ಣೆಯನ್ನೆಲ್ಲ ಇಳಿಸಿದ ಮೇಲೆ ವಾಹನವನ್ನು ಅಲುಗಾಡಿಸಲಾಗದ ಸ್ಥಿತಿ ಒದಗುತ್ತದೆ. ಪಕ್ಕದ ಬಿರಡೆಯ ರಂಧ್ರದ ಕೆಳ ಅಂಚಿನವರೆಗೆ ಎಣ್ಣೆ ನಿಲ್ಲುವುದೇ ಹೆಚ್ಚಿನ ಗೇರ್‌ಬಾಕ್ಸುಗಳಲ್ಲಿ ಸರಿಯಾದ ಮಟ್ಟ.

ಇಳಿದ ಎಣ್ಣೆಯು ಒಳಗಿನ ವರದಿಯನ್ನು ತಾನೇ ಒಪ್ಪಿಸುತ್ತದೆ. ಆಯಸ್ಕಾಂತವಿರುವ ಬಿರಡೆಗೆ ಬೂದುಬಣ್ಣದ ನುಣ್ಣನೆಯ ಕೆಸರು ಅಂಟಿದ್ದರೆ ಅದು ಸಹಜ ಸವೆತ. ಚೂರುಗಳು ಕಂಡರೆ ಹಲ್ಲು ಅಥವಾ ಬೇರಿಂಗು ಒಡೆಯುತ್ತಿದೆ ಎಂದು ತಿಳಿಯಬೇಕು. ಬಿಸಿಲಿಗೆ ಹಿಡಿದಾಗ ಹೊಂಬಣ್ಣದ ಮಿನುಗು ಕಂಡರೆ ಹಿತ್ತಾಳೆಯ ಉಂಗುರ ಸವೆಯುತ್ತಿದೆ. ಎಣ್ಣೆ ಹಾಲಿನಂತೆ ಬೆಳ್ಳಗಾಗಿದ್ದರೆ ನೀರು ಸೇರಿದೆ. ಮಳೆಗಾಲದಲ್ಲಿ ನೀರು ತುಂಬಿದ ಕೆಳಸೇತುವೆಯನ್ನು ದಾಟಿದ ವಾಹನವಾದರೆ, ಅವಧಿ ಮುಗಿಯದಿದ್ದರೂ ಪರೀಕ್ಷಿಸಲೇಬೇಕು. ಬಿಸಿಯಾದ ಕವಚವು ತಣ್ಣೀರಿನಲ್ಲಿ ಥಟ್ಟನೆ ತಣಿದಾಗ ಒಳಗಿನ ಗಾಳಿ ಕುಗ್ಗಿ, ಗಾಳಿಗಂಡಿಯ ಮೂಲಕವೋ ಸೀಲಿನ ಅಂಚಿನಿಂದಲೋ ನೀರನ್ನು ಒಳಗೆಳೆದುಕೊಳ್ಳುತ್ತದೆ. ಈ ಗಾಳಿಗಂಡಿಯು ಕೆಸರಿನಿಂದ ಮುಚ್ಚಿಹೋದರೆ ಇನ್ನೊಂದು ತೊಂದರೆ: ಒಳಗಿನ ಒತ್ತಡ ಏರಿ ಎಣ್ಣೆಯನ್ನು ಸೀಲುಗಳ ಮೂಲಕ ಹೊರದಬ್ಬುತ್ತದೆ. ಹೊಸ ಸೀಲು ಹಾಕಿದರೂ ಸೋರಿಕೆ ನಿಲ್ಲದಿದ್ದಲ್ಲಿ ಮೊದಲು ನೋಡಬೇಕಾದುದು ಈ ಚಿಕ್ಕ ರಂಧ್ರವನ್ನು.

ಚಾಲಕನ ಎಡಗಾಲು

ಗೇರ್‌ಬಾಕ್ಸಿನ ಆಯುಷ್ಯ ಎಣ್ಣೆಯಲ್ಲಿದ್ದರೆ ಕ್ಲಚ್ಚಿನ ಆಯುಷ್ಯ ಚಾಲಕನ ಎಡಗಾಲಿನಲ್ಲಿದೆ. ಪೆಡಲಿನ ಮೇಲೆ ಪಾದವನ್ನು ಊರಿಕೊಂಡೇ ಓಡಿಸಿದರೆ ರಿಲೀಸ್ ಬೇರಿಂಗ್ ನಿರಂತರ ಒತ್ತಡದಲ್ಲಿ ತಿರುಗುತ್ತದೆ, ಪ್ಲೇಟು ಅರೆಬರೆ ಜಾರುತ್ತ ಸುಡುತ್ತದೆ. ಸಿಗ್ನಲ್ಲಿನಲ್ಲಿ ಗೇರಿನಲ್ಲಿಟ್ಟು ಕ್ಲಚ್ ಒತ್ತಿ ನಿಲ್ಲುವುದರ ಬದಲು ನ್ಯೂಟ್ರಲ್‌ಗೆ ತಂದು ಕಾಲು ತೆಗೆಯಬೇಕು. ಏರಿನಲ್ಲಿ ಹ್ಯಾಂಡ್‌ಬ್ರೇಕ್ ಬಳಸದೆ ಕ್ಲಚ್ ಮತ್ತು ಆಕ್ಸಲರೇಟರಿನ ನಡುವೆ ವಾಹನವನ್ನು ತೂಗಿ ನಿಲ್ಲಿಸುವುದನ್ನು ಕೆಲವರು ಚಾಲನಾ ಕೌಶಲವೆಂದು ಭಾವಿಸಿದ್ದಾರೆ. ಆ ಕೌಶಲದ ವೆಚ್ಚವನ್ನು ಭರಿಸುವವನು ಮಾಲೀಕ. ಗೇರು ಹಿಡಿಯ ಮೇಲೆ ಸದಾ ಕೈ ಊರುವುದೂ ಸಲ್ಲದು, ಆ ಭಾರ ಒಳಗಿನ ಫೋರ್ಕಿಗೆ ತಲುಪಿ ತಿರುಗುತ್ತಿರುವ ಭಾಗಕ್ಕೆ ಉಜ್ಜುತ್ತದೆ.

ದೋಷವನ್ನು ಗುರುತಿಸಲು ಕಿವಿಯೇ ಸಾಕು. ಎಂಜಿನ್ ಚಾಲನೆಯಲ್ಲಿದ್ದು ನ್ಯೂಟ್ರಲ್‌ನಲ್ಲಿರುವಾಗ ಕ್ಲಚ್ ಒತ್ತಿದೊಡನೆ ಸದ್ದು ಆರಂಭವಾದರೆ ಸಂದೇಹ ರಿಲೀಸ್ ಬೇರಿಂಗಿನ ಮೇಲೆ. ಇದ್ದ ಸದ್ದು ಕ್ಲಚ್ ಒತ್ತಿದಾಗ ನಿಂತರೆ ಗೇರ್‌ಬಾಕ್ಸಿನೊಳಗಿನ ಬೇರಿಂಗಿನ ಮೇಲೆ. ಮೇಲಿನ ಗೇರಿನಲ್ಲಿ ಏರು ಹತ್ತುವಾಗ ಎಂಜಿನ್ನಿನ ವೇಗ ಏರಿ ವಾಹನದ ವೇಗ ಏರದಿದ್ದರೆ ಪ್ಲೇಟು ಜಾರುತ್ತಿದೆ. ಹೊರಟ ಕ್ಷಣದಲ್ಲಿ ಹಿಂಬದಿಯಿಂದ ‘ಟಕ್’ ಎಂಬ ಪೆಟ್ಟು ಕೇಳಿದರೆ ಮೊದಲು ಪ್ರೊಪೆಲ್ಲರ್ ಶಾಫ್ಟಿನ ಯೂನಿವರ್ಸಲ್ ಜಾಯಿಂಟನ್ನು ನೋಡಿಸಬೇಕು. ಅದಕ್ಕೆ ಗ್ರೀಸ್ ತುಂಬುವ ನಿಪ್ಪಲ್ ಇದ್ದರೂ ಎಷ್ಟೋ ಮಂದಿ ತುಂಬಿಸುವುದೇ ಇಲ್ಲ. ಕ್ಲಚ್ ಪ್ಲೇಟ್ ಬದಲಾಯಿಸುವಾಗ ಪ್ರೆಷರ್ ಪ್ಲೇಟ್ ಮತ್ತು ರಿಲೀಸ್ ಬೇರಿಂಗನ್ನೂ ಜೊತೆಯಲ್ಲೇ ಬದಲಾಯಿಸುವುದು ಜಾಣತನ. ಗೇರ್‌ಬಾಕ್ಸ್ ಇಳಿಸುವ ಕೂಲಿ ಒಂದಕ್ಕೂ ಅಷ್ಟೇ, ಮೂರಕ್ಕೂ ಅಷ್ಟೇ.

ದುರಸ್ತಿಯ ಖರ್ಚನ್ನು ಚಾಲಕನ ಸಂಬಳದಿಂದ ಮುರಿದುಕೊಳ್ಳುವ ಪದ್ಧತಿಯ ಬಗ್ಗೆ ಇಲ್ಲಿ ಒಂದು ಮಾತು. ಈ ಪದ್ಧತಿಯಿರುವಲ್ಲಿ ಚಾಲಕನು ಸದ್ದನ್ನು ಕೇಳಿಯೂ ಕೇಳದಂತಿರುತ್ತಾನೆ. ಹೇಳಿದರೆ ತನ್ನ ತಲೆಗೇ ಬರುವುದೆಂಬ ಅಂಜಿಕೆ ಅವನದು. ಬೇರಿಂಗಿನಲ್ಲಿ ಮುಗಿಯಬಹುದಾಗಿದ್ದ ಕೆಲಸ ಶಾಫ್ಟು, ಕವಚದವರೆಗೆ ಹಬ್ಬುವುದಕ್ಕೆ ಇದು ದೊಡ್ಡ ಕಾರಣವೆಂಬುದು ಈ ಲೇಖಕನ ಅಭಿಪ್ರಾಯ. ಸದ್ದು ಕೇಳಿದ ದಿನವೇ ಬಂದು ತಿಳಿಸಿದ ಚಾಲಕನಿಗೆ ನೂರಿನ್ನೂರು ರೂಪಾಯಿ ಇನಾಮು ಕೊಟ್ಟರೂ ಮಾಲೀಕನಿಗೆ ಉಳಿತಾಯವೇ.

ಭಾರ ಮತ್ತು ಘಟ್ಟ

ಬೇರಿಂಗ್ ತಯಾರಕರ ಲೆಕ್ಕಾಚಾರದಂತೆ ಬಾಲ್ ಬೇರಿಂಗಿನ ಆಯುಷ್ಯವು ಅದರ ಮೇಲಿನ ಭಾರದ ಘನಕ್ಕೆ ವಿಲೋಮವಾಗಿ ಇಳಿಯುತ್ತದೆ. ಭಾರ ಶೇಕಡ 25ರಷ್ಟು ಹೆಚ್ಚಾದರೆ ಆಯುಷ್ಯ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯಿತೆಂದೇ ಅರ್ಥ. ಗೇರ್‌ಬಾಕ್ಸಿನ ಬೇರಿಂಗುಗಳ ಮೇಲಿನ ಒತ್ತಡವು ಸರಕಿನ ತೂಕದಷ್ಟೇ ಪ್ರಮಾಣದಲ್ಲಿ ಏರುವುದಿಲ್ಲ, ನಿಜ. ಆದರೆ ಅತಿಭಾರದ ವಾಹನ ಕೆಳಗಿನ ಗೇರುಗಳಲ್ಲಿ, ಪೂರ್ಣ ಶಕ್ತಿಯಲ್ಲಿ ಹೆಚ್ಚು ಹೊತ್ತು ದುಡಿಯಬೇಕಾಗುತ್ತದೆ. ಪ್ರತಿ ಬಾರಿ ಹೊರಡುವಾಗಲೂ ಕ್ಲಚ್ ಹೆಚ್ಚು ಹೊತ್ತು ಜಾರುತ್ತದೆ. ಇನ್ನು ಮೋಟಾರು ವಾಹನ ಕಾಯಿದೆಯ 194ನೇ ಪ್ರಕರಣವು 2019ರ ತಿದ್ದುಪಡಿಯ ಮೇರೆಗೆ ಅತಿಭಾರಕ್ಕೆ 20,000 ರೂಪಾಯಿ, ಅದರ ಮೇಲೆ ಪ್ರತಿ ಹೆಚ್ಚುವರಿ ಟನ್ನಿಗೆ 2,000 ರೂಪಾಯಿ ದಂಡವನ್ನು ವಿಧಿಸುತ್ತದೆ. ಒಂದು ಸರದಿ ಉಳಿಸುವ ಆಸೆಯನ್ನು ಈ ಎರಡು ಲೆಕ್ಕಗಳ ಎದುರಿಗಿಟ್ಟು ತೂಗಬೇಕು.

ಶಿರಾಡಿ, ಅರಬೈಲು ಮೊದಲಾದ ಘಟ್ಟಗಳಲ್ಲಿ ಕರಾವಳಿಗೆ ಮಾಲು ಇಳಿಸುವವರು ಇಳಿಜಾರಿನಲ್ಲಿ ಡೀಸೆಲ್ ಉಳಿಯುವುದೆಂದು ನ್ಯೂಟ್ರಲ್‌ನಲ್ಲಿ ಬಿಡುವುದುಂಟು. ಗೇರಿನಲ್ಲಿ ಇಳಿಯುವಾಗ ಆಕ್ಸಲರೇಟರಿನಿಂದ ಕಾಲು ತೆಗೆದರೆ ಇಂದಿನ ಎಂಜಿನ್ನುಗಳು ಇಂಧನ ಪೂರೈಕೆಯನ್ನು ತಾವಾಗಿಯೇ ನಿಲ್ಲಿಸುತ್ತವೆ. ನ್ಯೂಟ್ರಲ್‌ನಲ್ಲಾದರೋ ಎಂಜಿನ್ ನಿಂತುಹೋಗದಿರಲು ಇಂಧನ ಉರಿಯುತ್ತಲೇ ಇರುತ್ತದೆ. ಉಳಿತಾಯವೆಂಬುದು ಭ್ರಮೆ, ಬ್ರೇಕು ಕಾದು ಹಿಡಿತ ತಪ್ಪುವ ಅಪಾಯ ಮಾತ್ರ ನಿಜ. ವೇಗವಾಗಿ ಉರುಳುತ್ತಿರುವಾಗ ಮತ್ತೆ ಗೇರಿಗೆ ಹಾಕಲು ಹೋದರೆ ಆ ವ್ಯತ್ಯಾಸವನ್ನೆಲ್ಲ ಸಿಂಕ್ರೊನೈಜರ್ ಉಂಗುರವೇ ಹೊರಬೇಕಾಗುತ್ತದೆ. ಹತ್ತುವ ಗೇರಿನಲ್ಲೇ ಇಳಿಯಬೇಕೆಂಬ ಹಳೆಯ ಚಾಲಕರ ನಿಯಮ ಇಂದಿಗೂ ಸರಿಯಾಗಿದೆ.

ಕ್ಲಚ್ ಪೆಡಲಿಲ್ಲದ ಕಾರುಗಳು

2014ರಲ್ಲಿ ಮಾರುತಿ ಸೆಲೆರಿಯೋದೊಂದಿಗೆ ಭಾರತದ ಸಣ್ಣ ಕಾರುಗಳಿಗೆ ಬಂದ ಎಎಂಟಿ ವ್ಯವಸ್ಥೆಯಲ್ಲಿ ಇರುವುದು ಸಾಮಾನ್ಯ ಗೇರ್‌ಬಾಕ್ಸು ಮತ್ತು ಸಾಮಾನ್ಯ ಕ್ಲಚ್ಚೇ. ಕಾಲಿನ ಕೆಲಸವನ್ನು ಯಂತ್ರ ಮಾಡುತ್ತದೆ, ಅಷ್ಟೆ. ಏರಿನಲ್ಲಿ ಆಕ್ಸಲರೇಟರ್ ಒತ್ತಿ ತೂಗಿ ನಿಲ್ಲಿಸಿದರೆ ಅಲ್ಲಿಯೂ ಪ್ಲೇಟು ಸುಡುತ್ತದೆ. ಪೂರ್ಣ ಸ್ವಯಂಚಾಲಿತ ಮತ್ತು ಸಿವಿಟಿ ಗೇರ್‌ಬಾಕ್ಸುಗಳಿಗೆ ತಯಾರಕರು ಸೂಚಿಸಿದ ದ್ರವವನ್ನೇ ಹಾಕಬೇಕು, ಸಿವಿಟಿಗೆ ಸಾಮಾನ್ಯ ಎಟಿಎಫ್ ಸಲ್ಲದು. ಕೆಟ್ಟು ನಿಂತಾಗ ಎಳೆಯುವ ಚಕ್ರಗಳು ನೆಲದ ಮೇಲಿರುವಂತೆ ಹಗ್ಗ ಕಟ್ಟಿ ಎಳೆದೊಯ್ಯಬಾರದು. ಎಂಜಿನ್ ನಿಂತಾಗ ಒಳಗಿನ ಎಣ್ಣೆಯ ಪಂಪೂ ನಿಂತಿರುವುದರಿಂದ ಭಾಗಗಳು ಒಣಗಿಯೇ ತಿರುಗಿ ಹಾಳಾಗುತ್ತವೆ.

ಬಿಲ್ಲು ಮತ್ತು ತೆರಿಗೆ

2025ರ ಸೆಪ್ಟೆಂಬರ್ 22ರಿಂದ ಮೋಟಾರು ವಾಹನಗಳ ಬಿಡಿಭಾಗಗಳ ಮೇಲಿನ ಜಿಎಸ್‌ಟಿ ಏಕರೂಪವಾಗಿ ಶೇಕಡ 18 ಆಗಿದೆ. ಸರಕು ಸಾಗಣೆ ವಾಹನವನ್ನು ತೆರಿಗೆಗೊಳಪಟ್ಟ ವ್ಯವಹಾರಕ್ಕೆ ಬಳಸುವ ನೋಂದಾಯಿತ ವರ್ತಕರು ಅದರ ದುರಸ್ತಿ, ಬಿಡಿಭಾಗ ಮತ್ತು ಎಣ್ಣೆಯ ಮೇಲೆ ತೆತ್ತ ತೆರಿಗೆಯನ್ನು ಇನ್‌ಪುಟ್ ಕ್ರೆಡಿಟ್ ಆಗಿ ಪಡೆಯಲು ಅವಕಾಶವಿದೆ. ಕಾಂಪೊಸಿಷನ್ ಯೋಜನೆಯಲ್ಲಿರುವವರಿಗೆ ಈ ಸೌಲಭ್ಯವಿಲ್ಲ. ಮಾಲೀಕರು ಓಡಾಡುವ ಕಾರಿನ ದುರಸ್ತಿಗೆ ಸಾಮಾನ್ಯವಾಗಿ 17(5)ನೇ ಪ್ರಕರಣದ ತಡೆ ಅನ್ವಯಿಸುತ್ತದೆ. ಆದುದರಿಂದ ಕಾರು ಮತ್ತು ಸರಕು ವಾಹನದ ಕೆಲಸಗಳನ್ನು ಒಂದೇ ಗ್ಯಾರೇಜಿನಲ್ಲಿ ಮಾಡಿಸಿದರೂ ಬಿಲ್ಲುಗಳನ್ನು ಬೇರೆ ಬೇರೆಯಾಗಿ, ವಾಹನದ ಸಂಖ್ಯೆ ಮತ್ತು ತಮ್ಮ ಜಿಎಸ್‌ಟಿ ಸಂಖ್ಯೆ ನಮೂದಿಸಿ ಪಡೆಯಬೇಕು. ಅದೇ ಬಿಲ್ಲಿನಲ್ಲಿ ಹಾಕಿದ ಎಣ್ಣೆಯ ದರ್ಜೆ, ಪ್ರಮಾಣ ಹಾಗೂ ಆ ದಿನದ ಕಿಲೋಮೀಟರ್ ಅಂಕಿಯನ್ನೂ ಬರೆಸಿಕೊಂಡರೆ ವಾಹನಕ್ಕೆಂದು ಬೇರೆ ದಾಖಲೆ ಪುಸ್ತಕ ಇಡುವ ಶ್ರಮ ತಪ್ಪುತ್ತದೆ. ಮುಂದೆ ವಾಹನ ಮಾರುವಾಗ ಕೊಳ್ಳುವವರ ಮುಂದಿಡಲೂ ಅದು ಒದಗುತ್ತದೆ.