ತಾರೀಖು ಬರೆದು ಕೊಡಿ

ವೈದ್ಯರು ಬರೆಯುವ ಅಂಕಿ ಶೇ 40 ಮುಟ್ಟದಿದ್ದರೆ ಅಂಗವಿಕಲರ ಮಾಸಾಶನದ ಅರ್ಜಿ ತಹಶೀಲ್ ಆಫೀಸಿನ ಮೇಜಿನ ಮೇಲೆ ನಿಲ್ಲುವುದೇ ಇಲ್ಲ. ಮುಟ್ಟಿದರೆ ತಿಂಗಳಿಗೆ 800 ರೂಪಾಯಿ. ಶೇ 75 ದಾಟಿದರೆ 1,400. ಆ 800 ಕೂಡ ಮೊದಲು 600 ಇತ್ತು. 2021ರ ಜುಲೈನಲ್ಲಿ ಬಸವರಾಜ ಬೊಮ್ಮಾಯಿ ಮುಖ್ಯಮಂತ್ರಿಯಾದ ದಿನ ಏರಿಸಿದರು. ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ, ಜೇವರ್ಗಿಯ ಹಳ್ಳಿಗಳಲ್ಲಿ ಈ ದುಡ್ಡಿಗೆ ಪಗಾರ ಅನ್ನುತ್ತಾರೆ. ಅದರಲ್ಲಿ ಔಷಧ, ಕಿರಾಣಿ, ಮೊಮ್ಮಕ್ಕಳ ಕೈಗೆ ಹತ್ತು ರೂಪಾಯಿ ಎಲ್ಲವೂ ನಡೆಯಬೇಕು.

ಅಂಕಿ 36ಕ್ಕೋ 38ಕ್ಕೋ ನಿಂತವರ ಬಗ್ಗೆ ನಾನು ಬರೆಯುತ್ತಿದ್ದೇನೆ. ‘ನಿಮ್ದು ಪರ್ಸೆಂಟೇಜ್ ಕೂಡವಲ್ದು ಕಾಕಾ’ ಎಂಬ ಒಂದು ಮಾತು ಕೇಳಿಸಿಕೊಂಡು ಅವರು ಬಸ್ ಸ್ಟ್ಯಾಂಡಿಗೆ ವಾಪಸಾಗುತ್ತಾರೆ. ಬಾಯಿಮಾತಿನ ಈ ‘ಇಲ್ಲ’ ಕಾನೂನಿನ ಕಣ್ಣಿನಲ್ಲಿ ‘ಇಲ್ಲ’ ಅಲ್ಲ. ಅಂಗವಿಕಲರ ಹಕ್ಕುಗಳ 2016ರ ಕಾಯ್ದೆಯ ಅಡಿ 2017ರಲ್ಲಿ ಬಂದ ನಿಯಮಗಳ ಪ್ರಕಾರ, ಅಂಗವೈಕಲ್ಯದ ಪ್ರಮಾಣಪತ್ರ ಕೊಡುವುದಿಲ್ಲ ಎಂದಾದರೆ ಕಾರಣವನ್ನು ಬರೆದೇ ತಿಳಿಸಬೇಕು. ಅದಕ್ಕೊಂದು ನಮೂನೆಯೂ ಇದೆ, ಎಂಟನೆಯದು. ಆ ಕಾಗದ ಕೈಯಲ್ಲಿದ್ದರೆ ಕಾಯ್ದೆಯ 59ನೇ ಕಲಮಿನಡಿ ಮೇಲ್ಮನವಿ ಹಾಕಬಹುದು. ಕಾಗದವೇ ಇಲ್ಲದವರು ಯಾವುದರ ವಿರುದ್ಧ ಮೇಲ್ಮನವಿ ಹಾಕಬೇಕು?

ಅಂಕಿ ಹೇಗೆ ಕೂಡುತ್ತದೆ ಎಂಬುದನ್ನು ಅರ್ಜಿದಾರರಿಗೆ ಯಾರೂ ಕೂತು ಹೇಳಿಕೊಡುವುದಿಲ್ಲ. ಹೇಳಿಕೊಡಬೇಕು, ಯಾಕೆಂದರೆ ಮೇಲ್ಮನವಿಯ ಜೀವ ಅಲ್ಲೇ ಇರುತ್ತದೆ. ಈ ಮೂರು ತಾಲ್ಲೂಕುಗಳಿಂದ ಪುಣೆ, ಮುಂಬೈ, ಬೆಂಗಳೂರಿಗೆ ಕಟ್ಟಡದ ಕೆಲಸಕ್ಕೆ ಹೋಗುವವರು ಬಹಳ. ಸೆಂಟ್ರಿಂಗ್ ಮೇಲಿಂದ ಬಿದ್ದವನಿಗೆ ಒಂದೇ ಪೆಟ್ಟು ಬಿದ್ದಿರುವುದು ಕಡಿಮೆ. ಕಾಲು ಮುರಿದಿರುತ್ತದೆ, ನೆಲಕ್ಕೆ ಊರಿದ ಕೈಯೂ ಸೊಟ್ಟಗೆ ಕೂಡಿಕೊಂಡಿರುತ್ತದೆ. ಬಲಗಾಲಿಗೆ 30, ಎಡಗೈಗೆ 15 ಎಂದಿಟ್ಟುಕೊಳ್ಳಿ. ಎರಡನ್ನೂ ನೇರವಾಗಿ ಕೂಡಿಸಿ 45 ಎನ್ನುವಂತಿಲ್ಲ. ಕೇಂದ್ರ ಸರ್ಕಾರದ ಮಾರ್ಗಸೂಚಿಯ ಸೂತ್ರ ಹೀಗಿದೆ: ದೊಡ್ಡ ಅಂಕಿಯನ್ನು 90ರಲ್ಲಿ ಕಳೆದು, ಉಳಿದದ್ದನ್ನು ಸಣ್ಣ ಅಂಕಿಯಿಂದ ಗುಣಿಸಿ, 90ರಿಂದ ಭಾಗಿಸಿ, ಬಂದದ್ದನ್ನು ದೊಡ್ಡ ಅಂಕಿಗೆ ಸೇರಿಸಬೇಕು. ಲೆಕ್ಕ ಮಾಡಿದರೆ 30ಕ್ಕೆ 10 ಸೇರಿ ಸರಿಯಾಗಿ 40 ಆಗುತ್ತದೆ. ಕಾಲನ್ನು ಮಾತ್ರ ತೋರಿಸಿ, ಕೈಯ ವಿಷಯ ಎತ್ತದೆ ಬಂದವನಿಗೆ 30 ಬರೆದಿರುತ್ತಾರೆ. ‘ಕೈ ಏನ್ ತೋರಿಸೋದ್ರೀ, ಕೆಲ್ಸ ನಡೀತದ’ ಎನ್ನುವ ಜನ ನಮ್ಮವರು. ನೋವನ್ನು ಕಡಿಮೆ ಮಾಡಿ ಹೇಳುವ ಈ ಸ್ವಭಾವಕ್ಕೆ ತಿಂಗಳಿಗೆ 800 ರೂಪಾಯಿ ದಂಡ ಬೀಳುತ್ತಿದೆ.

ಗಡಿ ಹಳ್ಳಿಗಳವರಿಗೆ ಇನ್ನೊಂದು ತೊಡಕು. ಆಳಂದ, ಅಫಜಲಪುರದ ಅನೇಕರಿಗೆ ಕೈಕಾಲು ಮುರಿದರೆ ಮೊದಲು ನೆನಪಾಗುವುದು ಸೊಲ್ಲಾಪುರ. ಎಕ್ಸ್‌ರೇ, ಆಪರೇಷನ್ ಚೀಟಿ ಎಲ್ಲ ಅಲ್ಲಿನವು, ಮರಾಠಿ ಮೊಹರಿನವು. ಅದಕ್ಕೆ ಅಂಜಬೇಕಿಲ್ಲ. ಚಿಕಿತ್ಸೆ ಪಡೆದ ಸರ್ಕಾರಿ ಆಸ್ಪತ್ರೆಯಲ್ಲೂ ಪ್ರಮಾಣಪತ್ರಕ್ಕೆ ಅರ್ಜಿ ಹಾಕಲು ನಿಯಮ ಬಿಡುತ್ತದೆ. ಪ್ರಮಾಣಪತ್ರ ಎಲ್ಲಿ ಕೊಟ್ಟರೂ ದೇಶದ ಉದ್ದಗಲ ನಡೆಯುತ್ತದೆ ಎಂದು 58ನೇ ಕಲಮು ಹೇಳುತ್ತದೆ. ಆದರೆ 2020ರ ಅಕ್ಟೋಬರಿನಲ್ಲಿ ಭೀಮಾ ಉಕ್ಕಿ ಅಫಜಲಪುರ, ಜೇವರ್ಗಿಯ ನದಿ ದಂಡೆಯ ಮನೆಗಳಿಗೆ ನೀರು ನುಗ್ಗಿತಲ್ಲ, ಆಗ ಟ್ರಂಕಿನೊಳಗಿನ ಕಾಗದ ನೆನೆದು ಮುದ್ದೆಯಾದವರು ಹಳೆಯ ಎಕ್ಸ್‌ರೇ ಎಲ್ಲಿಂದ ತರಬೇಕು? ಅಂಥವರ ಮೇಲ್ಮನವಿಯಲ್ಲಿ ಇಂದಿನ ದೇಹವನ್ನೇ ಸಾಕ್ಷಿಯೆಂದು ಹೊಸದಾಗಿ ಪರೀಕ್ಷಿಸಬೇಕು.

ಇನ್ನು ಓಡಾಟ. ಪ್ರತಿ ಸಲ ಕಲಬುರಗಿಗೆ ಬಾ ಎಂದರೆ, ಅಫಜಲಪುರ ಕಡೆಯವರು ಟಂಟಂ ಹಿಡಿದು ಚೌಡಾಪುರಕ್ಕೆ ಬಂದು, ಅಲ್ಲಿಂದ ಬಸ್ ಹತ್ತಬೇಕು. ಜೇವರ್ಗಿಯವರು ಕಟ್ಟಿಸಂಗಾವಿಯ ಸೇತುವೆ ದಾಟಬೇಕು. ಬಸ್ಸಿನ ಮೊದಲ ಮೆಟ್ಟಿಲೇ ಊರುಗೋಲಿನವರಿಗೆ ಮೊಣಕಾಲಿಗಿಂತ ಮೇಲೆ. ಅಂಗವಿಕಲರಿಗೆ ವರ್ಷಕ್ಕೆ 660 ರೂಪಾಯಿಯ ರಿಯಾಯಿತಿ ಪಾಸ್ ಇದೆ, 100 ಕಿಲೋಮೀಟರಿನೊಳಗೆ ಓಡಾಡಬಹುದು. ಆ ಪಾಸಿಗೆ ಶೇ 40ರ ಪ್ರಮಾಣಪತ್ರ ಬೇಕು. ಪ್ರಮಾಣಪತ್ರ ಸಿಗಲಿಲ್ಲವೆಂದೇ ಮೇಲ್ಮನವಿಗೆ ಹೊರಟವನು ಪೂರ್ತಿ ಟಿಕೆಟ್ ತೆಗೆಸಬೇಕು. ಜೊತೆಗೆ ಬಂದ ತಾಯಿಗೆ 2023ರ ಜೂನಿನಿಂದ ಶಕ್ತಿ ಯೋಜನೆಯಲ್ಲಿ ಟಿಕೆಟ್ ಇಲ್ಲ. ಕುಂಟುವ ಮಗನಿಗೆ ಇದೆ.

ಇಷ್ಟೆಲ್ಲ ದಾಟಿ ಮೇಲ್ಮನವಿ ಕೊಟ್ಟ ಮೇಲೆ ಶುರುವಾಗುವ ಕಾಯುವಿಕೆ ನನ್ನನ್ನು ಬಹಳ ಕಾಡುತ್ತದೆ. ಮೂಲ ಅರ್ಜಿಗೆ ನಿಯಮ ಒಂದು ತಿಂಗಳ ಗಡುವು ಹಾಕಿತ್ತು. 2024ರ ಅಕ್ಟೋಬರಿನ ತಿದ್ದುಪಡಿ ಅದನ್ನು ಮೂರು ತಿಂಗಳಿಗೆ ಎಳೆಯಿತು. ಎರಡು ವರ್ಷ ತೀರ್ಮಾನವಾಗದಿದ್ದರೆ ಅರ್ಜಿಯೇ ನಿಷ್ಕ್ರಿಯವಾಗುತ್ತದೆ ಎಂದೂ ಸೇರಿಸಿದರು. ತಡ ಮಾಡಿದವರು ಯಾರು, ಮತ್ತೆ ಸಾಲಿನ ಕೊನೆಗೆ ಹೋಗಿ ನಿಲ್ಲಬೇಕಾದವರು ಯಾರು, ನೋಡಿ. ಮೇಲ್ಮನವಿಯ ವಿಷಯದಲ್ಲಿ 59ನೇ ಕಲಮು ತಾನಾಗಿ ಯಾವ ದಿನವನ್ನೂ ಹೇಳದೆ, ಎಲ್ಲವನ್ನೂ ರಾಜ್ಯದ ನಿಯಮಕ್ಕೆ ಬಿಟ್ಟಿದೆ. ಹಳ್ಳಿಯವನಿಗೆ ಬೇಕಾದದ್ದು ನಿಯಮದ ಪುಸ್ತಕವಲ್ಲ, ಸ್ವೀಕೃತಿ ಚೀಟಿಯ ಮೇಲೆ ಒಂದು ತಾರೀಖು. ತೊಗರಿ ರಾಶಿಯ ದಿನಗಳಲ್ಲಿ ಕೂಲಿ ಬಿಟ್ಟು ಬರಬೇಕೋ ಬೇಡವೋ, ಜೊತೆಗೆ ಬರುವ ಅಣ್ಣ ಅಂದು ಊರಲ್ಲಿರುತ್ತಾನೋ ಇಲ್ಲವೋ, ಆ ತಾರೀಖಿನ ಮೇಲೆ ನಿಂತಿರುತ್ತದೆ. ‘ಕರೀತೀವಿ’ ಎಂದು ಕಳಿಸಿದರೆ ಆ ಮನೆಯವರು ಯಾವ ಕೆಲಸಕ್ಕೂ ದೂರ ಹೋಗದೆ ಫೋನ್ ಕಾಯುತ್ತಾರೆ.

ಕರ್ನಾಟಕಕ್ಕೆ ಇದು ಹೊಸ ವಿದ್ಯೆಯಲ್ಲ. 2011ರಲ್ಲಿ ಸಕಾಲ ಕಾಯ್ದೆ ತಂದು, ಸೇವೆಗೊಂದು ಗಡುವು, ಅರ್ಜಿಗೊಂದು ಸಂಖ್ಯೆ ಕೊಟ್ಟ ರಾಜ್ಯ ಇದು. ಅಂಗವಿಕಲರ ಮೇಲ್ಮನವಿಗೂ ಅದೇ ಶಿಸ್ತು ಬರಲಿ. ಮೇಲ್ಮನವಿಯವರನ್ನು ಪರೀಕ್ಷಿಸುವ ವೈದ್ಯರ ಮಂಡಳಿ ತಿಂಗಳಿಗೊಂದು ದಿನ ಆಳಂದಕ್ಕೆ, ಒಂದು ದಿನ ಅಫಜಲಪುರಕ್ಕೆ, ಒಂದು ದಿನ ಜೇವರ್ಗಿಗೆ ಬಂದು ತಾಲ್ಲೂಕು ಆಸ್ಪತ್ರೆಯಲ್ಲಿ ಕೂರಲಿ. ಗೆದ್ದವರಿಗೆ ಕಾದ ತಿಂಗಳುಗಳ ಹಣ ಹಿಂಬಾಕಿಯಾಗಿ ಸಿಗಲಿ.

ಅಲ್ಲಿಯವರೆಗೆ ಮಾಡಬಹುದಾದದ್ದು ಇಷ್ಟಿದೆ. ಪಂಚಾಯ್ತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು ಹಿಡಿದು, ತಿರಸ್ಕಾರದ ಕಾರಣವನ್ನು ಬರಹದಲ್ಲಿ ಕೇಳಿ. ಅಂಗವಿಕಲರಿಗೆ ಆದಾಯ ನೋಡದೆ ಉಚಿತ ಕಾನೂನು ನೆರವು ಕೊಡಬೇಕೆಂದು 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆ ಹೇಳುತ್ತದೆ. ಮೂರೂ ಊರುಗಳ ನ್ಯಾಯಾಲಯದ ಆವರಣದಲ್ಲಿ ತಾಲ್ಲೂಕು ಸಮಿತಿಯ ಬಾಗಿಲು ತಟ್ಟಬಹುದು. ಮೇಲ್ಮನವಿಯ ನಕಲಿಗೆ ಸೀಲು ಹಾಕಿಸಿಕೊಳ್ಳಿ. ಪರೀಕ್ಷೆಯ ದಿನ ಕಾಲಿನ ಜೊತೆ ಕೈಯನ್ನೂ ತೋರಿಸಿ.