ಬಣ್ಣ ಅಳಿಸಿದರೂ ಉಳಿದ ರೌಡಿ

ಬೀದರ್ ತಾಲ್ಲೂಕಿನ ಮನ್ನಳ್ಳಿ ಕಡೆ ಗಣೇಶ ಹಬ್ಬದ ವೇದಿಕೆ ಏರುವ ಹುಡುಗರನ್ನು ನೋಡಬೇಕು. ರಟ್ಟು ಕತ್ತರಿಸಿ, ಬೆಳ್ಳಿ ಕಾಗದ ಅಂಟಿಸಿದ ಮಚ್ಚು ಒಂದು ಕೈಯಲ್ಲಿ, ಮೈಕು ಇನ್ನೊಂದರಲ್ಲಿ. ಮನೆಯಲ್ಲಿ ‘ಏನ್ ಮಾಡ್ಲತ್ತಿ’ ಅನ್ನುವವರು ಡೈಲಾಗಿಗೆ ನಿಂತರೆ ಥಟ್ಟನೆ ಬೆಂಗಳೂರಿನ ‘ಮಗಾ’ ಆಗಿಬಿಡುತ್ತಾರೆ. ರ‍್ಯಾಪ್ ಶುರುವಾದರೆ ಮಾತ್ರ ಕನ್ನಡದ ಪಕ್ಕ ದಖನಿ ಉರ್ದುವೂ ಬಂದು ಕೂರುತ್ತದೆ.

ಈ ‘ಮಗಾ’ ಬಂದ ದಾರಿ ಹುಡುಕಿದರೆ 1995ರ ‘ಓಂ’ ಸಿಗುತ್ತದೆ. ಉಪೇಂದ್ರ ನಿರ್ದೇಶನದ ಆ ಚಿತ್ರದಲ್ಲಿ ಭೂಗತ ಲೋಕದ ನಿಜವಾದ ಕೆಲವರೇ ಕ್ಯಾಮೆರಾ ಮುಂದೆ ನಿಂತರು. ಅರ್ಚಕರ ಮಗ ಸತ್ಯನಾಗಿ ಮಚ್ಚು ಹಿಡಿದ ಶಿವರಾಜ್‌ಕುಮಾರ್, 2018ರಲ್ಲಿ ಸೂರಿಯ ‘ಟಗರು’ ಬರುವ ಹೊತ್ತಿಗೆ ಪೊಲೀಸ್. ಅಮೆರಿಕದ ಐಸ್-ಟಿ ಕಥೆಯೂ ಹೆಚ್ಚುಕಡಿಮೆ ಇದೇ. ಗ್ಯಾಂಗ್‌ಸ್ಟಾ ರ‍್ಯಾಪಿನಿಂದ ಹೆಸರಾದವನು 1991ರ ‘ನ್ಯೂ ಜಾಕ್ ಸಿಟಿ’ಯಲ್ಲಿ ಪೊಲೀಸಾದ, 2000ದಿಂದ ಟಿವಿ ಧಾರಾವಾಹಿಯಲ್ಲಿ ಪತ್ತೇದಾರ. ಹಾಡಿನಲ್ಲಿ ಬೈದ ಪೊಲೀಸರ ವೇಷವೇ ಅನ್ನ ಕೊಟ್ಟಿತು!

‘ಟಗರು’ ಚಿತ್ರದ ಫಲ ಉಂಡವರು ಧನಂಜಯ. 2013ರ ‘ಡೈರೆಕ್ಟರ್ಸ್ ಸ್ಪೆಷಲ್’ನಿಂದ ನಾಯಕನಾಗಿಯೇ ಇದ್ದವರನ್ನು ಜನ ಕೊನೆಗೂ ಎದೆಗಪ್ಪಿಕೊಂಡದ್ದು ಖಳ ಡಾಲಿಯಾದಾಗ. ಡಾಲಿ ಹೆಸರಿಗೆ ಅಂಟಿತು. ಅವರು ಕಿತ್ತೆಸೆಯಲಿಲ್ಲ, ನಿರ್ಮಾಣ ಸಂಸ್ಥೆಗೂ ‘ಡಾಲಿ ಪಿಕ್ಚರ್ಸ್’ ಎಂದೇ ಹೆಸರಿಟ್ಟರು. ಜಾಣತನ ಇರುವುದು ಅದರ ಮುಂದಿನ ಹೆಜ್ಜೆಯಲ್ಲಿ. 2021ರ ‘ರತ್ನನ್ ಪ್ರಪಂಚ’ದಲ್ಲಿ ಅದೇ ಡಾಲಿ, ಹೆತ್ತವರನ್ನು ಹುಡುಕಿ ಹೊರಟ ಮೆತ್ತನೆಯ ವಿಮಾ ಏಜೆಂಟ್. ಹೆಸರು ರೌಡಿಯದು, ಪಾತ್ರ ತನಗೆ ಬೇಕಾದದ್ದು.

ರ‍್ಯಾಪರ್‌ಗೆ ಈ ಸಲೀಸು ಇಲ್ಲ. ನಟ ಸುಳ್ಳು ಹೇಳುತ್ತಾನೆಂದು ಟಿಕೆಟ್ ಕೊಳ್ಳುವಾಗಲೇ ಗೊತ್ತು. ರ‍್ಯಾಪರ್ ‘ನಾನು’ ಅಂದರೆ ಅವನೇ ಅಂತ ಕೇಳುಗರ ಹಟ. ‘ಜ್ಯೂಸ್’ (1992) ಚಿತ್ರದಲ್ಲಿ ಪಿಸ್ತೂಲಿನ ಹುಚ್ಚು ಹತ್ತಿದ ಬಿಷಪ್ ಆಗಿದ್ದ ಅಮೆರಿಕದ ರ‍್ಯಾಪರ್ ಟೂಪಾಕ್ 1996ರಲ್ಲಿ ಗುಂಡಿಗೆ ಬಲಿಯಾದಾಗ, ಪಾತ್ರವೇ ಅವನನ್ನು ನುಂಗಿತು ಎಂದವರುಂಟು. ನನಗದು ಒಪ್ಪಿಗೆಯಿಲ್ಲ. ಕೊಂದವರು ಸಿನಿಮಾದಿಂದ ಇಳಿದು ಬಂದವರಲ್ಲ.

ಬೆಂಗಳೂರಿನಲ್ಲಿ ಬೆಳಕಿಗೆ ಬಂದ ರ‍್ಯಾಪರ್ ಹನುಮಾನ್‌ಕೈಂಡ್, ಅಂದರೆ ಸೂರಜ್ ಚೆರುಕಾಟ್, ಈ ಬಲೆಯನ್ನು ಸಲೀಸಾಗಿ ದಾಟಿದ ಹಾಗೆ ಕಾಣುತ್ತದೆ. 2024ರ ‘ಬಿಗ್ ಡಾಗ್ಸ್’ ಹಾಡಿನ ವಿಡಿಯೊದಲ್ಲಿ ಅವನ ಬೆನ್ನಿಗೆ ಬಂದೂಕಿಲ್ಲ, ಜಾತ್ರೆಯ ಮೌತ್ ಕಾ ಕುವಾ ಇದೆ. ಗೋಡೆ ಹತ್ತಿ ಸುತ್ತುವ ಕಾರು, ಬೈಕು. ಅದೇ ವರ್ಷದ ಕೊನೆಗೆ ಮಲಯಾಳಂನ ‘ರೈಫಲ್ ಕ್ಲಬ್’ನಲ್ಲಿ ಬಂದೂಕು ಹಿಡಿದ ಖಳನಾದ. ಹಾಡಿನಲ್ಲಿ ಬೇಡವಾದದ್ದನ್ನು ಪಾತ್ರಕ್ಕೆ ಬಿಟ್ಟುಕೊಟ್ಟ.

ನಮ್ಮ ಗೀಗೀ ಮೇಳದ ಹರದೇಶಿ–ನಾಗೇಶಿಯವರಿಗೂ ವೇಷ ಬೇರೆ, ಬದುಕು ಬೇರೆ ಅನ್ನುವ ಈ ಲೆಕ್ಕ ಗೊತ್ತಿತ್ತು. ರಾತ್ರಿಯಿಡೀ ಎದುರಾಳಿಯ ಮಾನ ಹರಾಜು ಹಾಕಿ, ಬೆಳಗಾದರೆ ಒಂದೇ ಕಟ್ಟೆಯಲ್ಲಿ ಚಹಾ. ಮನ್ನಳ್ಳಿಯ ಹುಡುಗರ ಜೊತೆ ನನ್ನದೊಂದೇ ತಕರಾರು: ಮಚ್ಚು ಬೆಂಗಳೂರಿಂದ ತರ್ರಿ, ಯಾರ್ ಬ್ಯಾಡ ಅಂತಾರ? ಬೈಗುಳನೂ ಅಲ್ಲಿಂದ್ಲೇ ತರಬೇಕಾ?